ಏಳನೇ ಕಂತಿನ ಹೆಂಗಸು

14 ನವೆಂಬರ್, ಶನಿವಾರ ಬೆಳಿಗ್ಗೆ

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರಿಸದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಗಂಟಲು ಕೆಟ್ಟಿತ್ತು ಅನ್ನೋಣವೆಂದರೆ ಪತ್ರ ಬರೆಯಲು ಗಂಟಲು ಬೇಡ. ನೀನು ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಧಾರಾವಾಹಿಯ ಏಳನೇ ಕಂತಿನಲ್ಲಿ ಸಾಯುವ ಹೆಂಗಸಿನ ಮಾತು ಯಾರು ಬರೆದದ್ದು?

ಹೇಳುತ್ತೇನೆ, ಮೊದಲು ಕೆಲಸದ ಸುದ್ದಿ ಕೇಳು. ಆ ಸರಣಿ ಹಂತಕನ ಕೈಯಲ್ಲಿ ಇದುವರೆಗೆ ಹನ್ನೊಂದು ಹೆಂಗಸರು ಸತ್ತಿದ್ದಾರೆ. ಅಷ್ಟೂ ಜನರ ಚೀರಾಟ ನನ್ನದೇ. ತೆರೆಯ ಮೇಲೆ ಅವನು ಕುತ್ತಿಗೆ ಕೊಯ್ಯುವಾಗ ಗಾಜಿನ ಕೋಣೆಯಲ್ಲಿ ನಾನು ಮೈಕಿನ ಮುಂದೆ ಗೊರಗೊರ ಅನ್ನುತ್ತೇನೆ. ಪಕ್ಕದಲ್ಲಿ ದೃಶ್ಯಕ್ಕೆ ತಕ್ಕ ಸದ್ದು ಮಾಡುವವನು ಎಲೆಕೋಸಿಗೆ ಚಾಕು ಚುಚ್ಚುತ್ತಾನೆ, ಬೆರಳು ಮುರಿಯಬೇಕಾದಾಗ ಮೂಲಂಗಿ ಮುರಿಯುತ್ತಾನೆ. ಸತ್ತ ತರಕಾರಿಯನ್ನು ಸಂಜೆ ಮನೆಗೆ ಒಯ್ದು ಬೇಯಿಸಿ ತಿನ್ನುತ್ತಾನೆ, ಪುಣ್ಯಾತ್ಮ.

ನಿಜ ಹೇಳಲೇ? ನನಗೂ ಅದರ ಹುಚ್ಚು ಹಿಡಿದಿದೆ. ಯಾರು ಸಾಯುತ್ತಾರೆಂದು ಗೊತ್ತಿದ್ದೂ ಉಗುರು ಕಚ್ಚುತ್ತಾ ನೋಡುತ್ತೇನೆ. ಕೊನೆಗೆ ಅವನು ಸಿಕ್ಕಿಬೀಳುತ್ತಾನಲ್ಲ, ಅದೇ ಸುಖ. ಆದರೆ ಸಿಟ್ಟೂ ಬರುತ್ತದೆ. ಕೊಲ್ಲುವವನಿಗೆ ಬಾಲ್ಯವಿದೆ, ತಾಯಿಯಿದ್ದಾಳೆ, ಸಾಕಿದ ನಾಯಿಯೂ ಇದೆ, ಸಾಯುವವಳಿಗೆ ಗಂಟಲೊಂದೇ. ಅವನು ಯಾವಾಗಲೂ ಬೀಗ ಒಡೆದೇ ಬರುತ್ತಾನೆ. ಇಂಥ ಕಥೆಗಳಲ್ಲಿ ಮನೆಯ ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡವನು ಒಬ್ಬನೂ ಇಲ್ಲ.

ಏಳನೆಯದರಲ್ಲಿ ಅವನು ಆಕೆಯ ತಲೆಯನ್ನು ಗೋಡೆಗೆ ಅಪ್ಪಳಿಸುತ್ತಾನೆ. ಒಂಬತ್ತು ಸಲ ಚೀರಿದೆ, ಒಂಬತ್ತೂ ಸುಳ್ಳು ಅಂದರು ನಿರ್ದೇಶಕರು. ಹತ್ತನೆಯ ಸಲ ನಾನು ಚೀರಲಿಲ್ಲ. ಪಿಸುದನಿಯಲ್ಲಿ, ಬೇಡಿಕೊಳ್ಳುವ ಹಾಗೆ ಅಂದೆ: "ಮೆತ್ತಗೆ, ಮಗು ಎದ್ದುಬಿಡತ್ತೆ."

ಎಲೆಕೋಸಿನವನ ಕೈ ನಿಂತುಹೋಯಿತು. ನಿರ್ದೇಶಕರು ಎದ್ದು ಬಂದು ಬೆನ್ನು ತಟ್ಟಿದರು. ಸಂಭಾಷಣೆ ಬರೆಯುವವರು ಅದನ್ನು ತಮ್ಮ ಹಾಳೆಗೆ ಸೇರಿಸಿಕೊಂಡರು. ಹಾಗಾಗಿ ಅದು ಯಾರೂ ಬರೆದದ್ದಲ್ಲ.

ಆ ದೃಶ್ಯ ನೋಡಿ ಭಾವ ಕಣ್ಣೊರೆಸಿಕೊಂಡು, ಪಾಪ, ಎಂಥಾ ತಾಯಿ ಅಂದರೆಂದು ಬರೆದಿದ್ದೀಯ. ಆ ಸಾಲು ಓದಿ ಮಡಿಸಿಟ್ಟ ಪತ್ರವನ್ನು ಇವತ್ತಿನವರೆಗೆ ಬಿಡಿಸಿರಲಿಲ್ಲ. ಇದನ್ನು ನಿನ್ನ ಕಚೇರಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಪುಟ್ಟಿ ಶಾಲೆಯ ಓಟದಲ್ಲಿ ಗೆದ್ದಳೆಂದು ಕೇಳಿ ಹಿಗ್ಗಿಹೋದೆ. ಅವಳಿಗೆ ನನ್ನ ಮುತ್ತು, ಆಶೀರ್ವಾದ. ಅಕ್ಕನನ್ನು ಹರಸುವಷ್ಟು ದೊಡ್ಡವಳಲ್ಲ ನಾನು, ಆದರೂ ನೀನು ಚೆನ್ನಾಗಿರಬೇಕು. ಹಿಂದಿನ ಕೋಣೆ ಖಾಲಿ ಮಾಡಿಟ್ಟಿದ್ದೇನೆ. ಅವಳನ್ನು ಕರೆದುಕೊಂಡು ಬಂದುಬಿಡು.

ನಿನ್ನ
ತಂಗಿ

ಕೊನೆಗೊಂದು ಮಾತು: ಏಳನೇ ಕಂತಿನದು ನಿನ್ನದೇ ಮಾತು, ನಿನಗೂ ಗೊತ್ತು. ಪುಟ್ಟಿ ತೊಟ್ಟಿಲಲ್ಲಿದ್ದಾಗ ನಿಮ್ಮಲ್ಲಿಗೆ ಬಂದಿದ್ದೆನಲ್ಲ, ಆ ಮಧ್ಯಾಹ್ನ ನಿನ್ನ ತಲೆ ಗೋಡೆಗೆ ಬಡಿದದ್ದು ನಾಲ್ಕು ಸಲ ಕೇಳಿಸಿತು, ನಡುವೆ ನೀನು ಭಾವನನ್ನು ಬೇಡಿಕೊಂಡ ಆ ಮಾತೂ. ಸಂಜೆ ನೀನು ಹಣೆಗೆ ಬಟ್ಟೆ ಕಟ್ಟಿಕೊಂಡು, ಕಪಾಟಿನ ಬಾಗಿಲು ತಾಗಿತು ಅಂದೆ. "ನೀನು ಮಲಗಿದ್ದೆ ಅಲ್ವಾ?" ಎಂದು ಎರಡೆರಡು ಸಲ ಕೇಳಿದೆ. ನಾನು ಹೂಂ ಅಂದೆ. ಮಲಗಿರಲಿಲ್ಲ ಅಕ್ಕ. ಮೊದಲ ಸದ್ದಿಗೇ ಎದ್ದು ನನ್ನ ಕೋಣೆಯ ಬಾಗಿಲಿನವರೆಗೆ ಬಂದಿದ್ದೆ. ಬಂದು, ಒಳಗಿನಿಂದ ಚಿಲಕ ಹಾಕಿಕೊಂಡೆ.