ಒತ್ತಕ್ಷರದ ದಡಿಗಳು

14 ಅಕ್ಟೋಬರ್ 2025, ಮಂಗಳವಾರ. ಇಳಕಲ್ಲ

ಇವತ್ತು ನನ್ನ ಕಂಪ್ಯೂಟರಿಗೆ ಜೀವವಿರುವಾಗಲೇ ಗೋರಿ ತೋಡಿದರು. ಹತ್ತನೇ ವಿಂಡೋಸಿಗೆ ಇನ್ನು ಅಪ್‌ಡೇಟ್ ಇಲ್ಲವಂತೆ. ಹನ್ನೊಂದನೆಯದು ಈ ಮಷಿನ್‌ನಲ್ಲಿ ಕೂಡುವುದಿಲ್ಲವಂತೆ. ಏನು ಕೆಟ್ಟಿದೆ? ಏನೂ ಇಲ್ಲ. ಬೆಳಿಗ್ಗೆ ಎರಡು ಲಗ್ನಪತ್ರಿಕೆ ಮುಗಿಸಿದ್ದೇನೆ.

1997ರಿಂದ ಡಿಟಿಪಿ ಅಂಗಡಿ ನನ್ನದು. ಫ್ಲಾಪಿ ಹೋಯಿತು, ಸಿಡಿ ಹೋಯಿತು. ಒಮ್ಮೆಯೂ ಯಾರೂ ನಮ್ಮನ್ನು ಕೇಳಲಿಲ್ಲ.

ಚಿಂತೆ ಸಂಗವ್ವನ ಪುಸ್ತಕದ್ದು. ಎಂಬತ್ತಾರು ವರ್ಷದ ನೇಕಾರ್ತಿ, ಈಗ ಕಣ್ಣಿಲ್ಲ. ಈಗ ಯಾರೂ ನೇಯದ ಅರವತ್ತನಾಲ್ಕು ಸೀರೆದಡಿಗಳನ್ನು, ಅಂಚಿನ ವಿನ್ಯಾಸಗಳನ್ನು, ಆರು ವರ್ಷ ಎಳೆಎಳೆಯಾಗಿ ಹೇಳಿ ನನ್ನಿಂದ ಬರೆಸಿದ್ದಾಳೆ. ಎಲ್ಲ ಈ ಕಂಪ್ಯೂಟರಿನೊಳಗೇ, ಹಳೆಯ ಕನ್ನಡ ಫಾಂಟಿನಲ್ಲಿ.

19 ಅಕ್ಟೋಬರ್, ಭಾನುವಾರ

ಖುಶನುಮಾ ಬಂದಿದ್ದಳು. ಅಣ್ಣನ ಮಗಳು, ಬಾಗಲಕೋಟೆ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ.

‘ಚಾಚಾ, ವಿಂಡೋಸ್ ಬಿಟ್ಟು ಲಿನಕ್ಸ್ ಹಾಕ್ಕೋರಿ. ಪುಕ್ಕಟ. ಇದ ಮಷಿನ್ ಇನ್ನೂ ಹತ್ತು ವರ್ಷ ಓಡ್ತೈತಿ.’

‘ನಾ ಪೇಜ್ ಕಟ್ಟೋ ಸಾಫ್ಟ್‌ವೇರ್?’

‘ಅದು ಬರಂಗಿಲ್ಲ. ಬ್ಯಾರೇದು ಕಲೀರಿ.’

‘ಫಾಂಟ್?’

‘ಯುನಿಕೋಡಿಗೆ ಬದಲಿ ಮಾಡೋಣು. ಅದು ಎಲ್ಲಾ ಕಂಪ್ಯೂಟರಿನ್ಯಾಗೂ ಓದಾಕ ಬರ್ತೈತಿ.’

‘ಪ್ರಿಂಟರ್?’

‘ನಡೀಬಹುದು.’

‘ನಡೀಬಹುದು? ಹಂಗಾರ ಪತ್ರಿಕಿಯೊಳಗ “ಲಗ್ನ ಆಗಬಹುದು” ಅಂತ ಹಾಕ್ಲೇನವಾ?’

ನಕ್ಕಳು. ‘ಚಾಚಾ, ನೀವು ಅಂಜತೀರಿ.’

ಅಂಜುತ್ತೇನೆ. ಇಪ್ಪತ್ತೆಂಟು ವರ್ಷ ಬೆರಳಿಗೆ ಕಲಿಸಿದ್ದನ್ನು ಈ ವಯಸ್ಸಿನಲ್ಲಿ ಮರೆಯಿಸಬೇಕು. ಹೊಸದು ಕಲಿಯುವಾಗ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಪುಕ್ಕಟೆ ಎನ್ನುವವರು ಇದನ್ನು ಹೇಳುವುದೇ ಇಲ್ಲ.

4 ನವೆಂಬರ್, ಮಧ್ಯಾಹ್ನ

ಗಿರಾಕಿಯ ಪೆನ್‌ಡ್ರೈವ್‌ನಿಂದ ವೈರಸ್. ಐದು ವರ್ಷದ ಲಗ್ನಪತ್ರಿಕೆಗಳು ಹೋದವು. ಸಂಗವ್ವನ ಫೋಲ್ಡರ್ ಉಳಿದಿದೆ. ಖುಶನುಮಾಗೆ ಫೋನ್ ಮಾಡಿದೆ — ಬಾ, ಲಿನಕ್ಸ್ ಹಾಕು.

9 ನವೆಂಬರ್, ಭಾನುವಾರ

ಅಕ್ಷರ ಬದಲಿ ಮುಗಿಯಿತು. ನೂರಾಹನ್ನೆರಡು ಪುಟ ಬರಹ ಸಾಲುಸಾಲಾಗಿ ಓದಿದೆ. ಒಂದು ದೀರ್ಘವೂ ತಪ್ಪಿಲ್ಲ. ಖುಷಿಯಾಯಿತು, ಸುಳ್ಳೇಕೆ.

‘ಹಳೇ ಫಾಂಟಿನವು ಒಂದು ಕಾಪಿ ಇಡ್ಲ್ಯಾ ಚಾಚಾ?’

‘ಬ್ಯಾಡ. ಇದ್ರ ಮತ್ತ ಅದನ್ನ ತಗದು ಕುಂದರ್ತೇನಿ. ಒಂದ ಮನ್ಯಾಗ ಎರಡು ಒಲಿ ಯಾಕ? ವೈರಸ್ ಸುದ್ದಾ ಹೋಗ್ಲಿ. ಅಳಸು.’

‘ಖರೇ?’

‘ಅಳಸಂದ್ರ ಅಳಸಬೇ!’

ಬದಲಿ ಮಾಡಿದ್ದನ್ನಷ್ಟೇ ತನ್ನ ಪೆನ್‌ಡ್ರೈವ್‌ಗೆ ತೆಗೆದುಕೊಂಡು, ಡಿಸ್ಕ್ ಪೂರ್ತಿ ಒರೆಸಿ ಲಿನಕ್ಸ್ ಹಾಕಿದಳು.

23 ನವೆಂಬರ್

ಎರಡು ವಾರ ಬರೆಯಲಿಲ್ಲ. ಹೊಸದನ್ನು ಕಲಿಯುತ್ತಿದ್ದೆ.

ಇವತ್ತು ತಿದ್ದುವುದಕ್ಕೆಂದು ಕಂಪ್ಯೂಟರ್ ಹೊತ್ತುಕೊಂಡು ಸಂಗವ್ವನ ಮನೆಗೆ ಹೋದೆ.

‘ಹದಿನೇಳನೇ ದಡಿ ಓದಪಾ, ಅಫ್ಸರಾ.’

ತೆಗೆದೆ. ಹೆಸರಿದೆ, ಬಣ್ಣವಿದೆ. ಕೆಳಗೆ ಖಾಲಿ. ಹದಿನೆಂಟು — ಖಾಲಿ. ಅರವತ್ತನಾಲ್ಕೂ.

ದಡಿಯ ನಕ್ಷೆ ಬರೆಯಲು ನಾನೇ ಒಂದು ಉಪಾಯ ಮಾಡಿಕೊಂಡಿದ್ದೆ. ಎತ್ತುವ ಎಳೆಗೆ ಬರಿಯ ತ-ಒತ್ತು, ಬಿಡುವ ಎಳೆಗೆ ಬರಿಯ ಲ-ಒತ್ತು. ಮೇಲೆ ಅಕ್ಷರವೇ ಇಲ್ಲ. ಹಳೆಯ ಫಾಂಟಿನಲ್ಲಿ ಒತ್ತು ಒಂಟಿಯಾಗಿ ನಿಲ್ಲುತ್ತಿತ್ತು, ನೋಡಲು ನೇಯ್ದಂತೆಯೇ ಕಾಣುತ್ತಿತ್ತು. ಯುನಿಕೋಡಿನಲ್ಲಿ ಮೇಲೊಂದು ಅಕ್ಷರವಿಲ್ಲದೆ ಒತ್ತು ನಿಲ್ಲದು; ಬದಲಿ ಮಾಡುವ ಪ್ರೋಗ್ರಾಂ ಅದನ್ನೆಲ್ಲ ಕಸವೆಂದು ಗುಡಿಸಿದೆ. ಇಪ್ಪತ್ತೆಂಟು ವರ್ಷ ಪ್ರೂಫ್ ನೋಡಿದವನು ನಾನು — ಓದಲು ಬರುವುದನ್ನಷ್ಟೇ ಓದಿದೆ. ನಕ್ಷೆಯ ಪುಟಗಳು ಬೇರೆ ಇದ್ದವು; ಓದುವ ವಸ್ತುವಲ್ಲವೆಂದು ತೆರೆಯದೆ ದಾಟಿಹೋದೆ. ಆಕೆ ಇನ್ನೂ ತಿದ್ದಿಸುತ್ತಿದ್ದಳೆಂದು ನಕ್ಷೆಗಳ ಪ್ರಿಂಟ್ ಕೂಡ ತೆಗೆದಿರಲಿಲ್ಲ.

‘ಯಾಕೋ, ಓದವಲ್ಲಿ? ನಿನ್ನ ಡಬ್ಬಿಗೆ ನನ್ನಷ್ಟೂ ನೆನಪಿಲ್ಲೇನು?’

ಹೇಳಿದೆ.

‘ಅವ್ವಾ, ಇನ್ನೊಮ್ಮಿ ಹೇಳ್ತೀಯಾ?’

ಗಾಳಿಯಲ್ಲಿ ಬೆರಳಾಡಿಸಿದಳು. ಒಂದು ದಡಿ ಬಂತು. ಎರಡನೆಯದು ಅರ್ಧಕ್ಕೆ ನಿಂತಿತು.

‘ಮರೀತೇನಿ ಅಂತನ ನಿನಗ ಬರಸಿದ್ನಲ್ಲೋ…’

25 ನವೆಂಬರ್

ಖುಶನುಮಾ ಎರಡು ದಿನ ಡಿಸ್ಕ್ ತಡಕಾಡಿದಳು. ಸಿಗಲಿಲ್ಲ. ಅತ್ತಳು. ಅವಳದೇನು ತಪ್ಪು? ಅಳಿಸು ಎಂದವನು ನಾನು. ಗುರುವಾರ ನೇಕಾರರ ಸಭೆಯಲ್ಲಿ ಎಲ್ಲರೆದುರು ಹಾಗೆಂದೇ ಹೇಳುತ್ತೇನೆ.

ಆಮೇಲೆ ಕೇಳುತ್ತೇನೆ. ಓಡುವ ಮಷಿನ್‌ ಅನ್ನು ಸತ್ತಿದೆ ಎಂದವರು ಯಾರು? 1997ರ ತರಬೇತಿಯಲ್ಲಿ ‘ಇದು ಕನ್ನಡ’ ಎಂದು ಕೈಗಿಟ್ಟು, ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ ಎಂಬುದನ್ನು ಮುಚ್ಚಿಟ್ಟವರು ಯಾರು? ಅವರ ಕ್ಷಮೆ ಪತ್ರದಲ್ಲಿ ಬೇಡ. ಇಳಕಲ್ಲಿಗೆ ಬರಲಿ. ಸಂಗವ್ವನ ಮುಂದೆ, ಊರು ಕೇಳುವಂತೆ ಹೇಳಲಿ. ಆಕೆಗೆ ಕಣ್ಣಿಲ್ಲ, ಕಿವಿ ಇದೆ. ಮೊದಲು ತಮ್ಮ ಹೆಸರು ಹೇಳಲಿ, ಆಮೇಲೆ ತಮ್ಮ ತಪ್ಪು.