ಹದಿನಾಲ್ಕರ ಕೆಳಗೆ ಒಂದು

ಬೀದರ್ ಹಾಸ್ಟೆಲ್
11 ನವೆಂಬರ್ 2025

ಪ್ರೀತಿಯ ಪಪ್ಪಾ,

ಜೈಭೀಮ್. ಒಂಬತ್ತು ದಿನ ನಿಮ್ಮ ಫೋನ್ ಎತ್ತಲಿಲ್ಲ, ಸಾರಿ. ಸಿಟ್ಟಿತ್ತು. ಆವತ್ತು ಭಾನುವಾರ, "ಇಂಟರ್ನಲ್ಸ್‌ನಲ್ಲಿ ಫೇಲ್ ಆಗೀನಿ, ಎಂ.ಟೆಕ್ ನನ್ನ ಕೈಲೆ ಆಗೂದಿಲ್ಲ, ಬಿಟ್ಟು ಊರಿಗೆ, ಕಲ್ಯಾಣಕ್ಕ ಬರ್ತೀನಿ" ಅಂತ ಅಳುತ್ತ ಹೇಳಿದೆ. ನೀವು "ಛಲೋ ಆತು ಬೇಟಾ, ಛಲೋ ಆತು" ಅಂದ್ರಿ. ಅಷ್ಟು ಬೇಗ ನನ್ನ ಕೈಬಿಟ್ಟರಾ ಅನ್ನಿಸಿತು. ಆರನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳು, ಕನ್ನಡದಲ್ಲಿ ಪತ್ರ ಬರೆದು ಅಭ್ಯಾಸ ಇಲ್ಲ. ತಪ್ಪಿದ್ದರೆ ನಗಬ್ಯಾಡ್ರಿ.

ಇನ್ನೂ ಬಿಟ್ಟಿಲ್ಲ. ಒಂದು ಅಸೈನ್‌ಮೆಂಟ್ ಬಾಕಿ ಇತ್ತು. ದಸರಾ ರಜೆಯಲ್ಲಿ ನೀವು ಹುಮನಾಬಾದಿನ ದಾಲ್ ಮಿಲ್ಲಿಗೆ ಜರಡಿ ಮಷೀನ್ ರಿಪೇರಿಗೆ ಹೋದಾಗ ನಾನೂ ಬಂದಿದ್ದೆನಲ್ಲ? ಅದರ ಕಬ್ಬಿಣದ ಸ್ಟ್ಯಾಂಡನ್ನೇ, ರಿಪೇರಿಗೆ ಮೊದಲು ಹೇಗಿತ್ತೋ ಹಾಗೆ, ಕಂಪ್ಯೂಟರಿಗೆ ಹಾಕಿದೆ. ಹನ್ನೆರಡು ಸಾವಿರ ಸಮೀಕರಣ! ಅಂದರೆ ಅದು ಹನ್ನೆರಡು ಸಾವಿರ ಥರ ನಡುಗಬಲ್ಲದು. ಎಲ್ಲ ಬೇಡ, ನಿಧಾನದ್ದು ನಾಲ್ಕೈದು ಸಿಕ್ಕರೆ ಸಾಕು, ಮಷೀನ್ ಕೆಡಿಸೋದು ಅವೇ. ಅದಕ್ಕೆ ಕಂಪ್ಯೂಟರಿಗೆ ಹೀಗೆ ನಡುಗಬಹುದು ಅಂತ ಏನೋ ಒಂದು ಊಹೆ ಕೊಟ್ಟು, ಬಂದ ಉತ್ತರವನ್ನೇ ಮತ್ತೆ ಮತ್ತೆ ಒಳಗೆ ಹಾಕಬೇಕು. ಸುತ್ತು ಸುತ್ತಿಗೆ ಅದು ತಾನಾಗಿಯೇ ಎಲ್ಲಕ್ಕಿಂತ ನಿಧಾನದ ನಡುಕಕ್ಕೆ ಬಂದು ನಿಲ್ಲುತ್ತದೆ. ನನಗೆ ಸೆಕೆಂಡಿಗೆ ಹದಿನಾಲ್ಕು ಸಲ ಅಂತ ಬಂತು. ಖುಷಿಯಿಂದ, ಈ ಪಾಠ ಮಾಡೋ ಅತಿಯಾ ಮೇಡಂಗೆ ತೋರಿಸಿದೆ.

"ಹದಿನಾಲ್ಕರ ಕೆಳಗ ಎಷ್ಟವ, ಎಣಿಸೀಯೇನು?" ಅಂದರು. ಹುಡುಕದೆಯೂ ಎಣಿಸೋ ದಾರಿ ಇದೆ ಪಪ್ಪಾ. ಎಣಿಸಿದರೆ, ಒಂದು ಇತ್ತು! ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ನಾನು ಕೊಟ್ಟ ಊಹೆ ಎರಡೂ ಕಡೆ ಸಮ, ಬರೀ ಮೇಲೆ ಕೆಳಗೆ. ಅಡ್ಡ ನಡುಕ ಅದರಲ್ಲಿ ಒಂದು ಕಾಳಷ್ಟೂ ಇರಲಿಲ್ಲ. ಹಾಕದೇ ಇದ್ದದ್ದು ಹೇಗೆ ಬರಬೇಕು?

"ನೀ ಸೀದಾ ಸೀದಾ ಕೇಳಿದಿ, ಅದು ಸೀದಾನೇ ಹೇಳ್ತು. ಪಾಪ ಅದರದೇನು ತಪ್ಪು?" ಮೇಡಂ ನಕ್ಕರು.

ಊಹೆಯನ್ನು ಸೊಟ್ಟ ಮಾಡಿ ಕೊಟ್ಟೆ. ಒಂಬತ್ತು ಬಂತು. ಮಿಲ್ಲಿನ ಮೋಟರ್ ಜರಡಿಯನ್ನು ಅಲುಗಿಸೋದೂ ಹೆಚ್ಚುಕಡಿಮೆ ಅಷ್ಟೇ ಸಲ! ಎರಡೂ ತಾಳ ಕೂಡಿದ್ದಕ್ಕೇ ಸ್ಟ್ಯಾಂಡ್ ಹಾಗೆ ಕುಣಿದದ್ದು. ಆವತ್ತು ನೀವು ಸ್ಟ್ಯಾಂಡಿನ ಮೇಲೆ ಅಂಗೈ ಇಟ್ಟು, "ಅಡ್ಡ ಅಲಗ್ಯಾಡಾಕತ್ತದ, ಇಲ್ಲೊಂದು ಓರೆ ಪಟ್ಟಿ ಹಚ್ಚು" ಅಂತ ವೆಲ್ಡರ್ ಮೊಹಿನುದ್ದೀನ್‌ಗೆ ಹೇಳಿದ್ರಿ. "ಉಸ್ತಾದಗ ಕಿವಿ ಅಂಗೈಯಾಗ ಅವ" ಅಂತ ಅವನು ನಗಿಸಿದ್ದ. ಇದನ್ನು ಹೇಳಿದ್ದಕ್ಕೆ ಮೇಡಂ, "ನಿಮ್ಮ ಅಬ್ಬಾಗ ಪಾಠಕ್ಕ ಕರಕೊಂಡ ಬಾ, ನಾ ಹೋಗಿ ಜರಡಿ ಹಿಡೀತೀನಿ" ಅಂದರು. ಇಂಟರ್ನಲ್ಸ್ ಇನ್ನೊಮ್ಮೆ ಬರೀತೀನಿ ಪಪ್ಪಾ. ಭಯ ಇದೆ, ಆದರೂ ಬರೀತೀನಿ.

ತಮ್ಮ ಸಂಘಪಾಲ ನನ್ನ ಸೈಕಲ್ ಮುಟ್ಟಬಾರದು, ಹೇಳ್ರಿ. ಮಮ್ಮಿಗೆ ಮೊಣಕಾಲಿನ ಎಣ್ಣೆ ಮರೀಬ್ಯಾಡ ಅನ್ರಿ. ಆಶೀರ್ವಾದ ಮಾಡುವಷ್ಟು ದೊಡ್ಡವಳಲ್ಲ, ಆದರೂ ನಿಮಗೆಲ್ಲ ಒಳ್ಳೇದಾಗಲಿ.

ನಿಮ್ಮ ಮಗಳು,
ಮಯೂರಿ

ತಾ.ಕ.: ಮೊದಲೆಲ್ಲ ನೀವು ಮಷೀನಿಗೆ ಸ್ಕ್ರೂಡ್ರೈವರ್ ಹಚ್ಚಿ, ಹಿಡಿಕೆಗೆ ಕಿವಿ ಕೊಟ್ಟು ಕೇಳ್ತಿದ್ರಿ. ದಸರಾದಲ್ಲಿ ಕಿವಿ ಕೊಡಲಿಲ್ಲ, ಅಂಗೈ ಇಟ್ರಿ. ನಿನ್ನೆಯಿಂದ ಅದೇ ತಲೆಯಲ್ಲಿದೆ. ಫೋನಿನಲ್ಲಿ ನಾನು ಯಾವಾಗಲೂ "ಊಟ ಆತು, ಆರಾಮ ಇದ್ದೀನಿ" ಅಂತ ಸೀದಾ ಸೀದಾ ಹೇಳ್ತಿದ್ದೆ, ನೀವು "ಛಲೋ ಆತು" ಅಂತಿದ್ರಿ, ಮಾತಿಗೆ ಮಾತು ಕೂಡಿಬರ್ತಿತ್ತು. ಆವತ್ತು ನಾ ಅತ್ತದ್ದು ನಿಮಗೆ ಕೇಳಿಸಲೇ ಇಲ್ಲ, ಹೌದಲ್ಲ? ಎಷ್ಟು ದಿನದಿಂದ ಪಪ್ಪಾ? 22ಕ್ಕೆ, ಶನಿವಾರ, ಬರ್ತೀನಿ, ಕಿವಿ ಡಾಕ್ಟರ್ ಹತ್ರ ಹೋಗೋಣ. ಅಲ್ಲೀತನಕ ಫೋನ್ ಬೇಡ. ನೀವೂ ಒಂದು ಸಾಲು ಬರೀರಿ, "ಛಲೋ ಆತು" ಒಂದು ಬಿಟ್ಟು ಏನಾದರೂ.