ಅಂಗಿಯ ಅಂಚಿನ ನಾಲ್ಕು ಬೆರಳು

ಖದೀಶಾ ಕಣಿವೆ, ಲೆಬನಾನ್
ಜನವರಿ ೧೭

ಅಮ್ಮಾ,

ಬೆಟ್ಟ ಹತ್ತಿ ಕ್ಷೇಮವಾಗಿ ತಲುಪಿದೆವು. ಕಡಲೂರಿನ ನಮಗೆ ತಡೆಯಲಾಗದ ಚಳಿ. ಇಂದು ಸಂತ ಮಾರ್ ಅಂತೋನಿಯೋಸರ ಹಬ್ಬ, ಮಠದ ಅಂಗಳದ ತುಂಬ ಗೋಧಿ-ಮಾಂಸದ ಹರೀಸಾ ಗಂಜಿಯ ಹಂಡೆಗಳು. ಜ್ವರ ವಾಸಿಯಾಗಲೆಂದು ನಾವು ಹೊತ್ತ ಹರಕೆಯಂತೆ ನಿನ್ನ ಮೊಮ್ಮಗ ಸಾಬಾ ಎರಡು ವರ್ಷ ತೊಟ್ಟ, ಸಂತರ ವೇಷದ ಉದ್ದನೆಯ ಅಂಗಿಯನ್ನು ಪೀಠದ ಮುಂದೆ ಬಿಚ್ಚಿಸಬೇಕಿತ್ತು. "ಕೊಡಲ್ಲ, ಇದು ನಂದು!" ಎಂದು ರಂಪ ಮಾಡಿದ. ಪಾದ್ರಿಗಳು ನಕ್ಕು, "ಅರ್ಧ ಕಾಲು ಕಾಣ್ತಿದೆಯಲ್ಲೋ ಮರಿಸನ್ಯಾಸಿ, ಸಂತರಿಗೇ ನಾಚ್ಕೆ ಆಗುತ್ತೆ!" ಎಂದ ಮೇಲೆ ಕೊಟ್ಟ.

ಜ್ವರ ಮತ್ತೆ ಬಂದಿಲ್ಲ. ಎರಡು ಬಟ್ಟಲು ಹರೀಸಾ ತಿಂದ.

ಬಸ್ಸಿಗೆ ಕರೆಯುತ್ತಿದ್ದಾರೆ, ಒಂದು ಮಾತು ಬಾಕಿ. ಡಾಕ್ಟರು ಕೈಚೆಲ್ಲಿದ ವಾರ ನೀನು ಆ ಅಂಗಿಯ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಿಚಿ ಹೊಲಿದಾಗ, "ಯಾರು ಬೆಳೀತಾರೆ ಅಂತ ಇದೆಲ್ಲ?" ಎಂದು ರೇಗಿದ್ದೆ. ಅಮ್ಮಾ, ಆ ಮಡಿಕೆ ಪೂರ್ತಿ ಬಿಚ್ಚಿದರೂ ಸಾಲಲಿಲ್ಲ.

ನಿನ್ನ ನುಹಾದ್